ಡ್ರೋನಿನ ಹೊಟ್ಟೆಗೆ ವಿಭೂತಿ

ಹೊಳಲ್ಕೆರೆಯ ನಾಗರಾಜಪ್ಪನವರ ಮನೆಗೆ ಡ್ರೋನು ಬಂದು ಇನ್ನೂ ಮಧ್ಯಾಹ್ನದ ಊಟದ ಹೊತ್ತಾಗಿರಲಿಲ್ಲ, ಆಗಲೇ ಅದು ಒಂದು ಸಲ ಬಿದ್ದಾಗಿತ್ತು. ಹೆಂಡತಿ ಬಸಮ್ಮನವರು ಅದನ್ನು ಮಣೆಯ ಮೇಲೆ ಕೂರಿಸಿ, ಬೆನ್ನಿಗೆ ಮೂರು ಬೆರಳಿನ ವಿಭೂತಿ ಎಳೆದು, ಒಂದು ಸೇವಂತಿಗೆ ಇಟ್ಟು, ಊದುಬತ್ತಿ ಬೆಳಗಿ, "ಇನ್ನು ಹಾರಿಸಪ್ಪ" ಎಂದು ಅಪ್ಪಣೆ ಕೊಟ್ಟಿದ್ದರು. ಮಗ ಶರಣ್ ಮಾಳಿಗೆ ಹತ್ತಿ ರಿಮೋಟಿನ ಎರಡು ಕಡ್ಡಿಗಳನ್ನೂ ಒಟ್ಟಿಗೆ ಅದುಮಿದ. ಡ್ರೋನು ಗುಂಯ್ ಎಂದು ಮೇಲೆದ್ದಿತು, ಸೇವಂತಿಗೆ ಎಲ್ಲಿಗೋ ಹಾರಿಹೋಯಿತು, ಡ್ರೋನು ನೇರವಾಗಿ ಪಕ್ಕದ ಮನೆಯ ತಗಡಿನ ಮೇಲೆ ಹೋಗಿ ಬಡಿದುಕೊಂಡಿತು.

ಪಕ್ಕದ ಮನೆಯ ದ್ಯಾಮಮ್ಮ ಪೊರಕೆ ಹಿಡಿದುಕೊಂಡೇ ಹೊರಗೆ ಬಂದಳು. "ಕೋತಿ ಅನ್ಕಂಡೆ ಕಣಪ್ಪ. ಇದೇನಿದು, ನಿಮ್ ಮನೇದಾ?"

ಊಟಕ್ಕೆ ಕೂತ ನಾಗರಾಜಪ್ಪನವರು ವಿಚಾರಣೆ ಶುರು ಮಾಡಿದರು. ಪೇಟೆ ಬೀದಿಯಲ್ಲಿ ಅವರದು ಪಾತ್ರೆ ಅಂಗಡಿ. ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಯಾರ ಮದುವೆಯಾದರೂ ಹಂಡೆ, ಕೊಳಗ, ಚೊಂಬು ಹೋಗುವುದು ಅಲ್ಲಿಂದಲೇ ಎಂಬುದು ಅವರ ಹೆಮ್ಮೆ.

"ಹಾಳಾಯ್ತೇನಲೇ?"

"ಇಲ್ಲ ಅಪ್ಪಾಜಿ. ಒಂದು ರೆಕ್ಕೆ ತುದಿ ಮುರಿದೈತೆ ಅಷ್ಟೆ. ಡಬ್ಬಿಯಾಗೇ ಬ್ಯಾರೆ ರೆಕ್ಕೆ ಇಟ್ಟು ಕಳ್ಸವ್ರೆ."

"ಅಂದ್ರೆ ಮುರೀತೈತೆ ಅಂತ ಮಾರೋನಿಗೇ ಗೊತ್ತೈತೆ. ನಾನು ಕುಕ್ಕರ್ ಕೊಡುವಾಗ ಜೊತೆಗೆ ಇನ್ನೊಂದು ಹಿಡಿ ಕಟ್ಟಿ ಕೊಡ್ತೀನಾ?"

ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಕಾವ್ಯ ಸೆರಗು ಅಡ್ಡ ಹಿಡಿದು ನಕ್ಕಳು. ಬಸಮ್ಮನವರಿಗೂ ನಗು ಬಂತು. ಆ ಮನೆಯಲ್ಲಿ ಡ್ರೋನಿನ ವಿಷಯಕ್ಕೆ ಎಲ್ಲರೂ ಒಟ್ಟಿಗೆ ನಕ್ಕಿದ್ದ ದಿನಗಳೂ ಇದ್ದವು ಎಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ.

ಡ್ರೋನು ತಂದದ್ದು ಶೋಕಿಗಲ್ಲ. ಶರಣ್‌ಗೆ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇತ್ತು. ಮದುವೆ ಮಾತಾಡಲು ಬಂದವರೆಲ್ಲ ಆಲ್ಬಮ್ ತಿರುವಿ ಹಾಕಿ ಕೊನೆಗೆ ಕೇಳುತ್ತಿದ್ದದ್ದು ಒಂದೇ: "ಡ್ರೋನ್ ಐತೇನ್ರಿ?" ಇಲ್ಲ ಎಂದರೆ ಮರುದಿನ ಅವರು ಚಿತ್ರದುರ್ಗದ ಬಸ್ಸು ಹತ್ತುತ್ತಿದ್ದರು. ಕಾಲು ಕೇಜಿಯೂ ತೂಗದ ಈ ಪುಟ್ಟ ಯಂತ್ರ ತಂದದ್ದು ಅದಕ್ಕೆ. ಆದರೆ ತರುವುದು ಬೇರೆ, ಹಾರಿಸುವುದು ಬೇರೆ. ಎರಡನೇ ಸಲ ಅದು ಮಾಳಿಗೆಯ ತಂತಿಯ ಮೇಲೆ ಒಣಗುತ್ತಿದ್ದ ಬಸಮ್ಮನವರ ಸೀರೆಗೆ ಸುತ್ತಿಕೊಂಡಿತು. ಮೂರನೇ ಸಲ ಬೀದಿ ಕೊನೆಯ ಬೇವಿನ ಮರ ಹೊಕ್ಕಿತು. ಮರದಿಂದ ಇಳಿಸಿಕೊಂಡು ಬಂದ ಮೇಲೆ ಶರಣ್ ರಿಮೋಟು ಮುಟ್ಟಲೂ ಹೆದರತೊಡಗಿದ. ಡ್ರೋನಿಗೆ ಮಾತ್ರ ಏನೂ ಆಗಿರಲಿಲ್ಲ. ರೆಕ್ಕೆ ಬದಲಿಸಿ, ಊದಿ ಧೂಳು ತೆಗೆದರೆ ಮತ್ತೆ ಗುಂಯ್.

"ಬೀಳ್ಸೋರಿಗೆ ಬ್ಯಾಸರ ಆದ್ರೂ ಬೀಳೋದಕ್ಕೆ ಬ್ಯಾಸರ ಇಲ್ಲ ನೋಡು" ಎಂದರು ನಾಗರಾಜಪ್ಪ.

ಕಾವ್ಯ ತುರುವನೂರಿನ ಹುಡುಗಿ. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, ಮದುವೆ ಗೊತ್ತಾದಾಗ ಬಿಟ್ಟಿದ್ದಳು. "ಇಲ್ಲೂ ಸ್ಕೂಲು ಅವೆ, ಆಮ್ಯಾಲೆ ನೋಡಾಣ" ಎಂದು ಹೆಣ್ಣು ನೋಡಲು ಬಂದ ದಿನ ಹೇಳಿದ್ದವರು ನಾಗರಾಜಪ್ಪನವರೇ. ಆ 'ಆಮ್ಯಾಲೆ' ಎನ್ನುವುದು ಎರಡು ವರ್ಷವಾದರೂ ಬಂದಿರಲಿಲ್ಲ. ಬೆಳಿಗ್ಗೆ ಅಂಗಳ, ಆಮೇಲೆ ಅಡುಗೆ, ಆಮೇಲೆ ಬಟ್ಟೆ, ಸಂಜೆ ಅಂಗಡಿಯಿಂದ ಬಂದ ಪಾತ್ರೆಗಳಿಗೆ ಚೀಟಿ ಅಂಟಿಸುವುದು. ಅತ್ತೆ ಕೆಟ್ಟವರಲ್ಲ, ಮಾವನೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಮಾಡಲು ಸುಲಭವಾಗುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಡ್ರೋನಿನ ಜೊತೆ ಬಂದ ಪುಸ್ತಕವನ್ನು ಮನೆಯಲ್ಲಿ ಪೂರ್ತಿ ಓದಿದವಳು ಅವಳೊಬ್ಬಳೇ. ಗಾಬರಿಯಾದಾಗ ಕಡ್ಡಿ ಎಳೆದಾಡಬಾರದು, ಕೈ ಬಿಟ್ಟುಬಿಡಬೇಕು, ಬಿಟ್ಟರೆ ಅದು ನಿಂತಲ್ಲೇ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಬಯಲಿನಲ್ಲಾದರೆ ಉಪಗ್ರಹ ಹಿಡಿದು ನಿಲ್ಲಿಸುತ್ತದೆ. ಸೂರಿನ ಕೆಳಗೆ ಉಪಗ್ರಹ ಸಿಗುವುದಿಲ್ಲ, ಅಲ್ಲಿ ಅದರ ಹೊಟ್ಟೆಯಲ್ಲಿರುವ ಎರಡು ಪುಟ್ಟ ಗಾಜಿನ ಕಣ್ಣು ನೆಲ ನೋಡಿಕೊಂಡು ನಿಲ್ಲಿಸುತ್ತವೆ.

"ರೀ, ನೀವು ಹೆದರಿಕೊಂಡು ಹಿಡಿಯೋದಕ್ಕೆ ಅದು ಬೀಳ್ತೈತೆ. ನಾನೊಂದ್ಸಲ ನೋಡ್ಲಾ?"

"ನೋಡು. ಇನ್ನೇನು ಬೀಳೋದು ಬಾಕಿ ಐತೆ" ಎಂದ ಶರಣ್, ಸೋತ ದನಿಯಲ್ಲಿ.

ಊರ ಹೊರಗೆ ಕೆರೆಯಂಗಳದಲ್ಲಿ ಕಲಿತಳು. ಅವಳೂ ಬೀಳಿಸದೆ ಕಲಿಯಲಿಲ್ಲ. ಆ ಸೀಮೆಯ ಗಾಳಿ ಎಂಥದ್ದೆಂದು ಗುಡ್ಡದ ಸಾಲಿನುದ್ದಕ್ಕೂ ನೆಟ್ಟ ಗಾಳಿಯಂತ್ರಗಳನ್ನು ಕಂಡವರಿಗೆಲ್ಲ ಗೊತ್ತು. ಒಂದು ಸಲ ಗಾಳಿ ಡ್ರೋನನ್ನು ಎತ್ತಿಕೊಂಡು ಹೋಗಿ ಜಾಲಿ ಮುಳ್ಳಿನ ನಡುವೆ ಹಾಕಿತು. ಇನ್ನೊಂದು ಸಲ ಬ್ಯಾಟರಿ ಮುಗಿದದ್ದು ನೋಡದೆ ಕೆಸರಿನಲ್ಲಿ ಇಳಿಸಿದಳು. ಬಿದ್ದಾಗೊಮ್ಮೆ ಎತ್ತಿ ನೋಡಿ ನೋಡಿ ಅದರ ಸ್ವಭಾವ ತಿಳಿಯಿತು. ಹಗುರ ಇರುವುದರಿಂದಲೇ ಅದು ಬದುಕುತ್ತದೆ, ಬೀಳುವಾಗ ಜೋರಾಗಿ ಬೀಳುವುದಿಲ್ಲ. ಪ್ಲಾಸ್ಟಿಕ್ ರೆಕ್ಕೆ ತಾನು ಮುರಿದು ಒಳಗಿನ ಮೋಟರು ಉಳಿಸುತ್ತದೆ. ಮಡಚುವ ಕೈಗಳು ಬಾಗುತ್ತವೆ, ಮುರಿಯುವುದು ಕಡಿಮೆ. ಮುಂದಿನ ಕ್ಯಾಮೆರಾದ ಕುತ್ತಿಗೆ ಒಂದೇ ನಾಜೂಕು, ಅದು ಕಲ್ಲಿಗೆ ತಾಗದಂತೆ ನೋಡಿಕೊಂಡರೆ ಸಾಕು. ಹುಲ್ಲು, ಮರ, ತಗಡು ಯಾವುದರ ಮೇಲೆ ಬಿದ್ದರೂ ಅದು ಏಳುತ್ತದೆ. ಹೀಗೆ ಮೂರು ವಾರ ಬೀಳಿಸಿ, ಎತ್ತಿ, ರೆಕ್ಕೆ ಬದಲಿಸಿದ ಮೇಲೆ ಒಂದು ಸಂಜೆ ಅವಳು ಅದನ್ನು ಕೆರೆ ಏರಿಯುದ್ದಕ್ಕೂ ಹಾರಿಸಿ, ತಿರುಗಿಸಿ, ತನ್ನ ಅಂಗೈ ಮೇಲೆಯೇ ಇಳಿಸಿಕೊಂಡಳು. ಮದುವೆಯಾದ ಮೇಲೆ ಅವಳಿಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಶರಣ್ ಕೂಡ ಚಪ್ಪಾಳೆ ತಟ್ಟಿದ.

ಮೊದಲ ಕೆಲಸ ಹಿರಿಯೂರಿನ ಕಡೆಯದು. ಹರಿಯಬ್ಬೆಯ ಒಂದು ಮನೆಯವರು ಮದುವೆಗೆ ಮುಂಚಿನ ಫೋಟೋ ಮಾರಿಕಣಿವೆಯ ಜಲಾಶಯದ ಹತ್ತಿರ ತೆಗೆಯಬೇಕೆಂದರು. ನಾಗರಾಜಪ್ಪನವರು ಮುದ್ದೆ ಮುರಿಯುತ್ತಾ ಮಗನನ್ನು ಕೇಳಿದರು:

"ಅವಳು ಬರ್ತಾಳಾ?"

"ಹಾರ್ಸೋಳು ಅವಳೇ ಅಲ್ವಾ ಅಪ್ಪಾಜಿ."

"ಹೆಣ್ಮಕ್ಳು ಊರೂರು ತಿರುಗೋ ಕೆಲ್ಸ ನಮ್ಮ ಮನೇಲಿ ಯಾರೂ ಮಾಡಿಲ್ಲ."

"ಮನೆ ಕೆಲ್ಸ ಯಾರು ಮಾಡ್ಬೇಕು?" ಎಂದರು ಬಸಮ್ಮ. "ನನ್ ಮಂಡಿ ನೋವು ಯಾರಿಗೂ ಕಾಣ್ತಿಲ್ಲ ಬಿಡು."

"ಹೊತ್ತಿಗೆ ಮುಂಚೆ ಎದ್ದು ಎಲ್ಲಾ ಮುಗಿಸಿ ಹೋಗ್ತೀನಿ ಅತ್ತೆ. ರಾತ್ರಿ ಅಡಿಗೆ ಹೊತ್ತಿಗೆ ಬಂದೇ ಬರ್ತೀನಿ" ಎಂದಳು ಕಾವ್ಯ.

ನಾಗರಾಜಪ್ಪನವರು ಸಾರು ಸುರಿದುಕೊಂಡು, ಉಂಡು, ಕೈತೊಳೆದು ಬಂದ ಮೇಲೆ ತೀರ್ಪು ಕೊಟ್ಟರು. "ಆಯ್ತು, ಹೋಗ್ಲಿ. ಒಂದ್ ಮಾತು. ಕೆರೇಲಿ ಬೀಳ್ಸು, ಮರದಾಗೆ ಬೀಳ್ಸು, ನಾನು ಕೇಳಲ್ಲ. ನಮ್ ಜನರ ಮುಂದೆ ಒಂದ್ಸಲ ಬಿತ್ತೋ, ಅವತ್ತಿಗೆ ನಿನ್ನ ಡ್ರೋನು ಮುಗೀತು. ಒಪ್ಪಿಗೆನಾ?"

"ಒಪ್ಪಿಗೆ ಮಾವ."

ಅವಳು ಸಲೀಸಾಗಿ ಒಪ್ಪಿದಳು, ತನ್ನ ಕೈಯ ಮೇಲೆ ಅವಳಿಗೆ ಅಷ್ಟು ನಂಬಿಕೆಯಿತ್ತು. ಹರಿಯಬ್ಬೆಯವರ ಕೆಲಸ ಚೆನ್ನಾಗಿ ಆಯಿತು. ಹುಡುಗ ಹುಡುಗಿ ನೀರಿನ ಅಂಚಿನಲ್ಲಿ ನಿಂತದ್ದು, ಸುತ್ತ ಗುಡ್ಡ ತಿರುಗಿದ್ದು ಮೊಬೈಲುಗಳಲ್ಲಿ ಹರಿದಾಡಿತು. "ಡ್ರೋನ್ ಮೇಡಂನೇ ಬರ್ಬೇಕು" ಎಂದು ಕೇಳಿಕೊಂಡು ಫೋನುಗಳು ಬಂದವು. ಅವಳು ನಾಲ್ಕು ಮಂದಿಯ ಅಡುಗೆ ಮುಗಿಸಿ, ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿ, ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ದಣಿವಾಗುತ್ತಿತ್ತು, ಆದರೆ ಆ ದಣಿವು ತನ್ನದು ಎನ್ನಿಸುತ್ತಿತ್ತು.

ಒಂದೇ ಒಂದು ಸಣ್ಣ ಕಿರಿಕಿರಿ. ಆ ಮನೆಯ ಹೊಸ್ತಿಲು ದಾಟುವ ಯಾವ ವಸ್ತುವೂ ವಿಭೂತಿಯಿಲ್ಲದೆ ದಾಟುವಂತಿರಲಿಲ್ಲ. ಬೈಕಿನ ಹೆಡ್‌ಲೈಟಿಗೆ, ಅಂಗಡಿಯ ತಕ್ಕಡಿಗೆ, ಕ್ಯಾಮೆರಾ ಚೀಲಕ್ಕೆ, ಡ್ರೋನಿನ ಬೆನ್ನಿಗೆ ಬಸಮ್ಮನವರು ಲಿಂಗಪೂಜೆ ಮುಗಿಸಿದ ಒದ್ದೆ ಕೈಯಲ್ಲೇ ಮೂರು ಪಟ್ಟೆ ಎಳೆಯುತ್ತಿದ್ದರು. ಹಿರಿಯೂರಿನಲ್ಲಿ ಹುಡುಗನ ಗೆಳೆಯನೊಬ್ಬ ಅದನ್ನು ನೋಡಿ, "ಡ್ರೋನಿಗೂ ದೀಕ್ಷೆ ಆಗೈತಾ?" ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ಕಾವ್ಯಳೂ ನಕ್ಕಿದ್ದಳು. ಶರಣ್ ಮಾತ್ರ ನಗದೆ ಮುಖ ಕೆಂಪು ಮಾಡಿಕೊಂಡಿದ್ದ.

ಹೊಸದುರ್ಗದ ಚಿತ್ರಲಿಂಗಪ್ಪನವರು ನಾಗರಾಜಪ್ಪನವರಿಗೆ ದೂರದ ನೆಂಟರು, ಹತ್ತಿರದ ವ್ಯಾಪಾರಸ್ಥರು. ಅವರ ಮೊಮ್ಮಗಳ ಮದುವೆ. ಪಾತ್ರೆ ನಾಗರಾಜಪ್ಪನವರ ಅಂಗಡಿಯದು, ಫೋಟೋ ಮಗನದು, ಡ್ರೋನು ಸೊಸೆಯದು. ನಾಲ್ಕು ತಾಲ್ಲೂಕಿನ ಬಂಧು ಬಳಗವೆಲ್ಲ ಸೇರುವ ಮದುವೆ. ಹೊರಡುವ ದಿನ ಬೆಳಿಗ್ಗೆ ಬಸಮ್ಮ ವಿಭೂತಿ ಬಟ್ಟಲು ಹಿಡಿದು ಬಂದಾಗ ಕಾವ್ಯ ಒಳಕೋಣೆಯಲ್ಲಿ ಸೀರೆ ಉಡುತ್ತಿದ್ದಳು. ಪಡಸಾಲೆಯ ಮಾತು ಕೇಳಿಸುತ್ತಿತ್ತು.

"ಇವತ್ತು ಮ್ಯಾಲೆ ಬ್ಯಾಡಮ್ಮ. ನೋಡಿದೋರು ನಗ್ತಾರೆ" ಎಂದ ಶರಣ್.

"ವಿಭೂತಿ ಹಚ್ಚಿದ್ರೆ ನಗೋರು ಯಾರಲೇ? ಇಷ್ಟು ದೊಡ್ಡ ಕೆಲ್ಸಕ್ಕೆ ಬರಿಗೈಲಿ ಕಳ್ಸಲಾ?"

"ಹಚ್ಚು, ಬ್ಯಾಡ ಅನ್ನಲ್ಲ. ಕಾಣದ ಜಾಗದಾಗೆ ಎಲ್ಲಾದ್ರೂ ಹಚ್ಚು."

ಕಾವ್ಯ ನೆರಿಗೆ ಜೋಡಿಸಿಕೊಳ್ಳುತ್ತಾ ಅದಕ್ಕೆ ಕಿವಿಗೊಡಲಿಲ್ಲ. ಆ ಮನೆಯಲ್ಲಿ ಅದು ದಿನವೂ ನಡೆಯುವ ಮಾತು.

ಹೊಸದುರ್ಗದಲ್ಲಿ ಕಲ್ಯಾಣ ಮಂಟಪದ ಹೊರಗೆ ಎಲ್ಲವೂ ಸರಿಯಾಗಿತ್ತು. ಗಂಡಿನ ಕಡೆಯವರು ಬಂದದ್ದು, ಎದುರುಗೊಂಡದ್ದು, ಡೊಳ್ಳು ಬಾರಿಸಿದ್ದು, ಎಲ್ಲವನ್ನೂ ಅವಳು ಮೇಲಿನಿಂದ ಹಿಡಿದಳು. ಹಿಂದೆ ನಿಂತ ಹೆಂಗಸರು "ನಮ್ ನಾಗರಾಜಪ್ಪರ ಸೊಸೆ" ಎಂದು ಮಾತಾಡಿಕೊಂಡದ್ದು ಕೇಳಿ ಮಾವನ ಬೆನ್ನು ನೆಟ್ಟಗಾದದ್ದನ್ನೂ ನೋಡಿದಳು. ಮುಹೂರ್ತ ಹತ್ತಿರವಾದಾಗ ಚಿತ್ರಲಿಂಗಪ್ಪನವರ ಮಗ ಬಂದು, ಅಕ್ಷತೆ ಬೀಳುವುದನ್ನು ಒಳಗೇ ಮೇಲಿನಿಂದ ತೆಗೆಯಬೇಕು ಎಂದ.

"ಒಳಗೆ ಜನ ಭಾಳ ಅವ್ರೆ ರೀ" ಎಂದಳು ಕಾವ್ಯ ಗಂಡನಿಗೆ. "ಬ್ಯಾಡ ಅನ್ರಿ."

"ಮನೇಲಿ ಪಡಸಾಲೆಯಾಗೆ ಹಾರ್ಸಿದ್ದೀಯಲ್ಲ, ಅಲ್ಲಾಡದಂಗೆ ನಿಂತಿತ್ತು. ಫ್ಯಾನ್ ಆರಿಸ್ತಾರಂತೆ. ಹೂಂ ಅಂದಿದ್ದೀನಿ."

ರಿಮೋಟಿಗೆ ಸಿಕ್ಕಿಸಿದ ಮೊಬೈಲಿನ ಮೇಲೆ ಹಳದಿ ಅಕ್ಷರದ ಒಂದು ಸಾಲು ಬಂತು. ಕೆಳಗಿನ ಕಣ್ಣಿನದೇನೋ ತೊಂದರೆ ಎಂದಿತ್ತು. ಅವಳು ಶರಣನಿಗೆ ತೋರಿಸಿದಳು. "ತಡೀರಿ, ತಿರುಗಿಸಿ ಒಂದ್ಸಲ ನೋಡ್ತೀನಿ ರೀ."

"ಅದು ಯಾವಾಗ್ಲೂ ಏನಾದ್ರೂ ಬರ್ತಿರ್ತೈತೆ. ಮಂಗಳಾಷ್ಟಕ ಶುರುವಾಯ್ತು, ಏರ್ಸು. ಎಲ್ಲಾರೂ ನಮ್ನೇ ನೋಡ್ತಾವ್ರೆ."

ಏರಿಸಿದಳು. ಎರಡಾಳೆತ್ತರಕ್ಕೆ ಹೋಗಿ, ಅಭ್ಯಾಸದಂತೆ ಕಡ್ಡಿಯಿಂದ ಬೆರಳು ತೆಗೆದಳು. ಡ್ರೋನು ನಿಲ್ಲಲಿಲ್ಲ. ಎಡಕ್ಕೆ ಜಾರಿತು. ಬಲಕ್ಕೆ ಎಳೆದಳು, ಬಂತು, ಬೆರಳು ತೆಗೆದ ಕೂಡಲೇ ಮತ್ತೆ ಜಾರಿತು. ಕೆಳಗೆಲ್ಲ ತಲೆಗಳು, ಇಳಿಸಲು ಅಂಗೈಯಷ್ಟು ಜಾಗವಿರಲಿಲ್ಲ. ಅಷ್ಟರಲ್ಲಿ "ಸಾವಧಾನ" ಎಂದು ಕೂಗಿದರು, ಅಕ್ಷತೆ ಎದ್ದಿತು, ಡ್ರೋನು ಹೂವಿನ ಕಂಬಕ್ಕೆ ತಾಗಿ, ತಲೆಕೆಳಗಾಗಿ, ಮುಂದಿನ ಸಾಲಿನಲ್ಲಿ ಕೈಯೆತ್ತಿ ನಿಂತಿದ್ದ ಮದುಮಗಳ ಸೋದರತ್ತೆ ಕಾಳಕ್ಕನ ಮುಖದ ಮೇಲೆ ಬಿತ್ತು.

ಹುಬ್ಬಿನ ಮೇಲೆ ರೆಕ್ಕೆ ಕೊಯ್ದಿತ್ತು. ದೊಡ್ಡ ಗಾಯವಲ್ಲ, ಆದರೆ ಹಣೆಯ ಗಾಯ, ರಕ್ತ ಧಾರಾಳವಾಗಿ ಇಳಿಯಿತು. ರೇಷ್ಮೆ ಸೀರೆಯ ಮೇಲೆ, ಅಕ್ಷತೆಯ ಮೇಲೆ. ಓಲಗ ನಿಂತಿತು. ಮುಹೂರ್ತಕ್ಕೆ ಸರಿಯಾಗಿ ಮಂಟಪದಲ್ಲಿ ರಕ್ತ ಬಿದ್ದಿತ್ತು. ಮದುಮಗಳು ಮಣೆಯ ಮೇಲೆ ಕೂತೇ ಅಳತೊಡಗಿದಳು.

"ಹೆಣ್ಮಗಳ ಕೈಗೆ ಅದನ್ನ ಕೊಟ್ಟೋರು ಯಾರ್ರಿ?" ಎಂದು ಹಿಂದಿನಿಂದ ಒಬ್ಬ ಕೂಗಿದ.

ನಾಗರಾಜಪ್ಪನವರು ಹಿರಿಯರ ಸಾಲಿನಿಂದ ಎದ್ದು ಹೋಗಿ ಚಿತ್ರಲಿಂಗಪ್ಪನವರಿಗೆ ಕೈಮುಗಿದರು. ಚಿತ್ರಲಿಂಗಪ್ಪನವರು ಮುಖ ತಿರುಗಿಸಿ, "ಕುಂತ್ಕಳ್ರಿ, ಊಟ ಮಾಡ್ಕಂಡು ಹೋಗ್ರಿ" ಎಂದರು. ತಾವೇ ಕೊಟ್ಟ ಪಾತ್ರೆಗಳಲ್ಲಿ ಬೆಂದ ಊಟವನ್ನು ನಾಗರಾಜಪ್ಪನವರು ಮುಟ್ಟಲಿಲ್ಲ. ನಾಲ್ಕು ತಾಲ್ಲೂಕಿನ ಜನ ನೋಡುತ್ತಿದ್ದಂತೆ ಉಣ್ಣದೆ ಎದ್ದು ಬಂದರು.

ಮೂವರೂ ಮನೆಗೆ ಬಂದರು. ಮಂಡಿ ನೋವಿಗೆ ಮನೆಯಲ್ಲೇ ಉಳಿದಿದ್ದ ಬಸಮ್ಮ ವಿಷಯ ತಿಳಿದು ಗೋಡೆಗೊರಗಿ ಕೂತರು. ಕಾವ್ಯ ಸೀರೆ ಕೂಡ ಬದಲಿಸದೆ ಡ್ರೋನನ್ನು ಹೊರಗೆ ತೆಗೆದಳು. ರೆಕ್ಕೆ ಮುರಿದಿತ್ತು, ಬೇರೇನೂ ಆಗಿರಲಿಲ್ಲ. ಬೋರಲು ಹಾಕಿದಳು. ಹೊಟ್ಟೆಯ ಮೇಲೆ ಮೂರು ಪಟ್ಟೆ ವಿಭೂತಿ ಒಣಗಿ ಗಟ್ಟಿಯಾಗಿತ್ತು. ಎರಡು ಗಾಜಿನ ಕಣ್ಣೂ ಅದರ ಕೆಳಗೆ ಮುಚ್ಚಿಹೋಗಿದ್ದವು.

ಅವಳಿಗೆ ಮೊದಲು ಬಂದದ್ದು ಸಮಾಧಾನ. ತನ್ನ ಕೈ ತಪ್ಪಿರಲಿಲ್ಲ. ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡಳು, ಪಾಪ. ಮಾವ ಒಂಟಿಯಾಗಿ ಮೊಸರನ್ನ ಕಲಸಿಕೊಂಡು ಕೂತಿದ್ದಲ್ಲಿಗೆ ಡ್ರೋನು ಹಿಡಿದುಕೊಂಡೇ ಹೋದಳು.

"ಮಾವ, ಇದು ಯಾಕೆ ಬಿತ್ತು ಅಂತ ಗೊತ್ತಾಯ್ತು. ಹೊಟ್ಟೇಲಿ ಎಲ್ಡು ಗಾಜು ಅವೆ ನೋಡ್ರಿ. ಒಳಗೆ ಹಾರ್ಸುವಾಗ ನೆಲ ನೋಡೋದು ಇವೇ. ಇವುಗಳ ಮ್ಯಾಲೆ ವಿಭೂತಿ ಬಿದ್ದೈತೆ. ಹೊರಗೆ ಏನೂ ಗೊತ್ತಾಗ್ಲಿಲ್ಲ, ಒಳಗೆ ಜಾರ್ತು."

ನಾಗರಾಜಪ್ಪನವರು ತುತ್ತು ಕೆಳಗಿಟ್ಟರು. "ಏನಂದೆ?"

"ವಿಭೂತಿ ಗಾಜು ಮುಚ್ಚೈತೆ ಮಾವ."

"ವಿಭೂತಿಯಿಂದ ಬಿತ್ತು ಅಂತೀಯಾ?"

"ನಾನು ಒಳ್ಳೇದಾಗ್ಲಿ ಅಂತ ಹಚ್ಚಿದೆ ಕಣವ್ವ" ಎಂದು ಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ನನ್ ಕೈಯಿಂದ ಕಾಳಕ್ಕನ ಹಣೆ ಒಡೀತಾ? ಶಿವನೇ!"

"ನಿಮ್ ತಪ್ಪು ಅಂತಿಲ್ಲ ಅತ್ತೆ. ನಿಮಗೆ ಹೆಂಗೆ ಗೊತ್ತಾಗ್ಬೇಕು? ಎಣ್ಣೆ ಬಿದ್ರೂ ಹಿಂಗೇ ಆಗ್ತಿತ್ತು, ಧೂಳು ಕುಂತ್ರೂ ಹಿಂಗೇ ಆಗ್ತಿತ್ತು."

"ಧೂಳೂ ವಿಭೂತಿನೂ ಒಂದೇನಾ ನಿನಗೆ?" ನಾಗರಾಜಪ್ಪನವರ ದನಿ ಏರಿತು. "ನಾನು ಬುದ್ಧಿ ಬಂದಾಗಿಂದ ಹಣೆಗೆ ಹಚ್ಕಂತಾ ಬಂದಿದ್ದೀನಿ. ನನ್ ಕಣ್ಣು ಎಂದೂ ಮುಚ್ಚಿಲ್ಲ. ನಾಳೆ ಚಿತ್ರಲಿಂಗಪ್ಪನ ಮುಂದೆ ನಿಂತು ಏನಂತ ಹೇಳ್ಲಿ? ವಿಭೂತಿ ಹಚ್ಚಿದ್ದಕ್ಕೆ ನಿಮ್ ಮನೆ ಮದುವೇಲಿ ರಕ್ತ ಬಿತ್ತು ಅಂತ ಹೇಳ್ಲಾ? ಮಠದಾಗೆ ಕೇಳಿದ್ರೆ ಇದನ್ನೇ ಹೇಳ್ಲಾ?"

ಕಾವ್ಯ ಗಂಡನ ಕಡೆ ತಿರುಗಿದಳು. "ನೀವು ಹೇಳ್ರಿ. ಹಳದಿ ಸಾಲು ಬಂದಿದ್ದು ನಿಮಗೆ ತೋರಿಸ್ದೆ. ಕಾಣದ ಜಾಗದಾಗೆ ಹಚ್ಚು ಅಂದಿದ್ದೂ ನೀವೇ."

ಶರಣ್ ಕಂಬದ ಪಕ್ಕ ನಿಂತು ತನ್ನ ಮೊಬೈಲಿನ ಗಾಜು ಒರೆಸುತ್ತಿದ್ದ. "ಇರ್ಬೋದು" ಎಂದ. "ಇಲ್ದೇನೂ ಇರ್ಬೋದು. ಹಂಗೇ ಅಂತ ಹೆಂಗೆ ಹೇಳಾಕಾಗ್ತೈತೆ?"

"ಈಗ್ಲೇ ತೋರಿಸ್ತೀನಿ. ಈ ಪಡಸಾಲೇಲೇ ಹಿಂಗೇ ಒಂದ್ಸಲ ಹಾರಿಸ್ತೀನಿ, ಒರೆಸಿ ಒಂದ್ಸಲ ಹಾರಿಸ್ತೀನಿ. ನೀವೇ ನೋಡ್ರಿ ಮಾವ."

"ರಿಮೋಟು ಮುಟ್ಟಬ್ಯಾಡ" ಎಂದರು ನಾಗರಾಜಪ್ಪ. "ನಾನು ಅವತ್ತೇ ಹೇಳಿದ್ದೆ, ನೀನು ಒಪ್ಪಿದ್ದೆ. ನಮ್ ಜನರ ಮುಂದೆ ಬಿತ್ತು, ಮುಗೀತು. ಬಿದ್ದಿದ್ದೂ ಸಾಲದು ಅಂತ ಅತ್ತೆ ಮ್ಯಾಲೆ, ದೇವರ ಮ್ಯಾಲೆ ಹಾಕ್ತೀಯಲ್ಲ, ಅದು ನಂಗೆ ಸೇರಲ್ಲ."

ಬಸಮ್ಮ ಎದ್ದು ಬಂದು ಅವಳ ಕೈಯಿಂದ ಡ್ರೋನು ತೆಗೆದುಕೊಂಡು ಹೋಗಿ ದೇವರ ಕೋಣೆಯಲ್ಲಿಟ್ಟರು. ಆ ಮುದುಕಿಗೆ ಅದು ಬಿದ್ದದ್ದಕ್ಕಿಂತ, ತಾನು ಹಚ್ಚಿದ ವಿಭೂತಿ ಕೆಟ್ಟದ್ದು ಮಾಡಿತು ಎಂಬ ಮಾತೇ ತಡೆದುಕೊಳ್ಳಲಾಗದ್ದಾಗಿತ್ತು. ಅತ್ತೆಯ ಮೇಲೆ ಕಾವ್ಯಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಮರುದಿನ ಅಪ್ಪ ಮಗ ಇಬ್ಬರೂ ಹೊಸದುರ್ಗಕ್ಕೆ ಹೋಗಿ, ಕಾಳಕ್ಕನಿಗೆ ಸೀರೆ ಕೊಟ್ಟು, "ಹುಡುಗಿಗೆ ಅನುಭವ ಸಾಲದು, ಇನ್ನು ಕಳ್ಸಲ್ಲ" ಎಂದು ತಪ್ಪೊಪ್ಪಿಕೊಂಡು ಬಂದರು. ಕಾವ್ಯ ತವರಿಗೆ ಫೋನು ಮಾಡಿದಳು. ಅವಳ ತಂದೆ ಪ್ರಸನ್ನಕುಮಾರ್ ಎಲ್ಲ ಕೇಳಿಸಿಕೊಂಡು, "ನೀನು ಹೇಳೋದು ಸರಿ ಇರ್ಬೋದು ಕಣಮ್ಮ. ಆದ್ರೆ ಸರಿ ಇಟ್ಕಂಡು ಎಲ್ಲಿಗೆ ಹೋಗ್ತೀಯ? ಸ್ವಲ್ಪ ದಿನ ಸುಮ್ಕಿರು, ಮರೀತಾರೆ" ಎಂದರು. ಸುಮ್ಮನಿದ್ದಳು. ಯಾರೂ ಮರೆಯಲಿಲ್ಲ. ಸಂತೆಯಲ್ಲಿ ಸಿಕ್ಕವರೂ ಕೇಳುತ್ತಿದ್ದರು, "ನೀವೇ ಅಲ್ವಾ ಹೊಸದುರ್ಗದಾಗೆ ಬೀಳ್ಸಿದ್ದು?"

ದೀಪಾವಳಿ ಕಳೆದ ಮೇಲೆ ಮದುವೆಗಳು ಮತ್ತೆ ಶುರುವಾದವು. ಶರಣ್ ಚಿತ್ರದುರ್ಗದಿಂದ ನಿರಂಜನ್ ಎಂಬವನನ್ನು ಡ್ರೋನು ಹಾರಿಸಲು ಗೊತ್ತು ಮಾಡಿಕೊಂಡ. ಅವನೂ ಹೊಸಬನೇ, ಮೊಬೈಲ್ ಅಂಗಡಿಯಲ್ಲಿ ಇದ್ದವನು. ಬಂದ ಮೊದಲ ವಾರ ಮಾಳಿಗೆಯ ನೀರಿನ ಟ್ಯಾಂಕಿಗೆ ಹೊಡೆದ. ಎರಡನೇ ವಾರ ಹೊಳಲ್ಕೆರೆಯಲ್ಲೇ ಒಂದು ನಿಶ್ಚಿತಾರ್ಥದಲ್ಲಿ ಶಾಮಿಯಾನದ ಮೇಲೆ ಬೀಳಿಸಿದ. ಅಲ್ಲೇ ಕೂತಿದ್ದ ನಾಗರಾಜಪ್ಪನವರು ಮನೆಗೆ ಬಂದು ನಕ್ಕರು.

"ಕಲಿಯೋ ಹುಡುಗ, ಬೀಳಿಸ್ತಾನೆ. ಗಟ್ಟಿ ಐತೆ ಬಿಡು ಆ ಮುಂಡೇದು, ಏನೂ ಆಗಲ್ಲ."

ಕಾವ್ಯ ಅವರ ತಟ್ಟೆಗೆ ಶೇಂಗಾ ಚಟ್ನಿ ಹಾಕಿ ಒಳಗೆ ಹೋದಳು. ಒಲೆಯ ಮುಂದೆ ಕೂತಾಗ ಅವಳಿಗೆ ಕೈಯಲ್ಲಿ ಹಿಟ್ಟು ಹಿಡಿದಿರುವುದೂ ಮರೆತುಹೋಯಿತು. ಇಷ್ಟು ದಿನ ಅವಳು ಒಂದು ಆಸೆ ಇಟ್ಟುಕೊಂಡಿದ್ದಳು. ಮನೆಯವರಿಗೆ ನಿಜ ತಿಳಿದಿಲ್ಲ, ತಿಳಿದ ದಿನ ರಿಮೋಟು ತನ್ನ ಕೈಗೆ ವಾಪಸ್ ಬರುತ್ತದೆ ಎಂಬ ಆಸೆ. ಮಾವ ನಕ್ಕ ಮೇಲೂ ಅದು ಪೂರ್ತಿ ಹೋಗಿರಲಿಲ್ಲ. ಗಂಡನಾದರೂ ಒಂದು ದಿನ ತಾನೇ ಕಂಡುಕೊಂಡು ಹೇಳುತ್ತಾನೆ ಎಂದುಕೊಂಡಿದ್ದಳು.

ಒಂದು ಸೋಮವಾರ ಚಿತ್ರದುರ್ಗದ ಕಲ್ಯಾಣ ಮಂಟಪದಲ್ಲಿ ಮದುವೆಯಿತ್ತು. ನಿರಂಜನ್ ಹೊರಡಲು ಬಂದು ಪಡಸಾಲೆಯಲ್ಲಿ ಕೂತಿದ್ದ. ಬಸಮ್ಮ ಈಗ ರೂಢಿಯಾದಂತೆ ಡ್ರೋನಿನ ಹೊಟ್ಟೆಗೆ ಮೂರು ಪಟ್ಟೆ ಎಳೆದು, ಕೈಮುಗಿದು, ಒಳಗೆ ಹೋದರು. ಕಾವ್ಯ ಇಬ್ಬರಿಗೂ ಕಾಫಿ ಹಿಡಿದು ಬಾಗಿಲ ತನಕ ಬಂದಿದ್ದಳು. ಶರಣ್ ಅಮ್ಮ ಹೋದ ಕಡೆ ಒಂದು ಸಲ ನೋಡಿ, ಡ್ರೋನನ್ನು ಬೋರಲು ಮಾಡಿ, ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಯ ಆವಿ ಊದಿ ಗಾಜು ಒರೆಸಿದ.

"ಇಲ್ಲಿ ನೋಡು ನಿರಂಜನ್, ಎಲ್ಡು ಕಣ್ಣು ಅವೆ. ಒಳಗೆ ಹಾರಿಸೋ ಮುಂಚೆ ದಿನಾ ಇದನ್ನ ಒರೆಸ್ಬೇಕು. ಮರೀಬ್ಯಾಡ. ಇಲ್ದಿದ್ರೆ ಕೈ ಬಿಟ್ರೂ ನಿಲ್ಲಲ್ಲ, ಒಂದು ಕಡೆ ಜಾರಿಕಂಡು ಹೋಗ್ತೈತೆ. ಒಬ್ರ ಮುಖಕ್ಕೆ ಬಿದ್ದೈತೆ ಒಂದ್ಸಲ."

"ಹೌದಾ ಅಣ್ಣ? ಯಾರು ಹಾರಿಸ್ತಿದ್ರು?"

"ಇದ್ರು ಯಾರೋ" ಎಂದ ಶರಣ್.

ಕಾವ್ಯ ಕಾಫಿ ಲೋಟಗಳನ್ನು ಕೆಳಗಿಟ್ಟು ಒಳಗೆ ಹೋದಳು. ಸಂಜೆಯ ತನಕ ಮಾಡುವ ಕೆಲಸವೆಲ್ಲ ಮಾಡಿದಳು. ಸಂಜೆ ಶರಣ್ ಊಟಕ್ಕೆ ಕೂತಾಗ, ಮಾವ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ, ಅತ್ತೆ ದೇವರ ಮುಂದೆ ಕೂತಿದ್ದರು, ಬಿಸಿ ರೊಟ್ಟಿ ಹಾಕುತ್ತಾ ಕಾವ್ಯ ಕೇಳಿದಳು:

"ನಿಮಗೆ ಯಾವಾಗ ಗೊತ್ತಾಯ್ತು?"

ಯಾವುದು ಎಂದು ಅವನು ಕೇಳಲಿಲ್ಲ. ರೊಟ್ಟಿ ಮುರಿದ. "ಆಗ್ಲೇ. ನೀನು ಹೇಳಿದ ಮಾರನೇ ದಿನ ಬೆಳಿಗ್ಗೆ, ಹೊಸದುರ್ಗಕ್ಕೆ ಹೋಗೋ ಮುಂಚೆ, ಸ್ಟುಡಿಯೋದಾಗೆ ಹಾರಿಸಿ ನೋಡ್ದೆ. ಹಂಗೂ ಹಾರಿಸ್ದೆ, ಒರೆಸೂ ಹಾರಿಸ್ದೆ. ನೀನು ಹೇಳಿದ್ದು ಸರಿ ಇತ್ತು."

"ಮಾವನಿಗೆ ಹೇಳ್ಲಿಲ್ಲ."

"ಹೇಳಿದ್ರೆ ಅಮ್ಮ ಎಷ್ಟು ನೊಂದ್ಕಂತಿದ್ಲು, ಯೋಚ್ನೆ ಮಾಡು. ಊಟ ಬಿಡ್ತಿದ್ಲು. ಅಪ್ಪಾಜಿ ನನ್ ಮುಖ ನೋಡ್ತಿರಲಿಲ್ಲ." ಅವನು ಪಲ್ಯ ಸುತ್ತಿ ಬಾಯಿಗಿಟ್ಟು, ಅಗಿದು ನುಂಗಿ, ಮೆತ್ತಗೆ, ಸಮಾಧಾನ ಮಾಡುವವನಂತೆ ಹೇಳಿದ: "ನಿಂಗೇನಾಯ್ತು ಈಗ? ಮನೇಲೇ ಆರಾಮಾಗಿ ಇದ್ದೀಯಲ್ಲ."

"ಏನವ್ವ ಅದು?" ಎಂದರು ಬಸಮ್ಮ ಒಳಗಿನಿಂದ.

ಶರಣ್ ತಲೆಯೆತ್ತಿ ಅವಳನ್ನು ನೋಡಿದ. ಹೇಳಿಬಿಡುತ್ತಾಳೇನೋ ಎಂಬ ಹೆದರಿಕೆ ಅವನ ಕಣ್ಣಲ್ಲಿತ್ತು. ಹೇಳಿದರೂ ನಂಬುವವರು ಯಾರೂ ಇಲ್ಲ ಎನ್ನುವುದು ಅವನಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

"ಏನಿಲ್ಲ ಅತ್ತೆ" ಎಂದಳು ಕಾವ್ಯ. "ಇನ್ನೊಂದು ರೊಟ್ಟಿ ಬೇಕಾ ಅಂತ ಕೇಳ್ತಿದ್ದೆ."

"ಹಾಕು" ಎಂದ ಶರಣ್, ತಟ್ಟೆ ಮುಂದಕ್ಕೆ ಸರಿಸಿ.